ಏಪ್ರಿಲ್ 1ಕ್ಕೆ ಬೋರ್ಡ್ ಮೇಲೆ ಏನು ಬರೆಯಲಿ? ಒಂದೇ ತಾರೀಖಿಗೆ ಎರಡು ದಿನ ಬಂದಾಗ

ಹಾವೇರಿ ಟೀಚರ್ · ಭಾನುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ವರಾಂಡದ ಬೋರ್ಡ್ ಮೇಲೆ ಒಂದು ಸುವಿಚಾರ, ಅದರ ಕೆಳಗೆ 'ಈ ದಿನದ ವಿಶೇಷ' ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಇಷ್ಟಪಟ್ಟು ಮಾಡುವ ಕೆಲಸ.

ಈ ಸಲ ಏಪ್ರಿಲ್ 1ರಂದು ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ನಾನು ಬರೆದದ್ದು ಇಷ್ಟು: 'ಮೈಲಾರ ಮಹಾದೇವ ಮತ್ತು ಸಂಗಡಿಗರು ಹುತಾತ್ಮರಾದ ದಿನ, 1943'. ಮಕ್ಕಳು ಸಾಲಾಗಿ ನಿಂತಾಗ, ಇವತ್ತಿನ ದಿನವೇ ನಮ್ಮ ಪಕ್ಕದ ಹೊಸರಿತ್ತಿಯಲ್ಲಿ ಮೂವರು ಪೊಲೀಸರ ಗುಂಡಿಗೆ ಬಿದ್ದರು, ಒಂದು ನಿಮಿಷ ಸುಮ್ಮನೆ ನಿಲ್ಲೋಣ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದರ ಬೆನ್ನಿಗೆ ಇನ್ನೊಬ್ಬ. ಒಂಬತ್ತನೇ ತರಗತಿಯ ಹುಡುಗ ಒಬ್ಬ ಗಟ್ಟಿಯಾಗಿಯೇ ಹೇಳಿದ: "ಟೀಚರ್, ಇವತ್ತು ಏಪ್ರಿಲ್ ಫೂಲ್ ಐತ್ರಿ. ನೀವು ನಮ್ಮನ್ನ ಫೂಲ್ ಮಾಡಾಕತ್ತೀರಿ."

ಇಡೀ ಸಾಲು ನಕ್ಕಿತು.

ಆ ಹುಡುಗನನ್ನು ಬೈಯುವ ಮನಸ್ಸಾಗಲಿಲ್ಲ. ಬೆಳಗ್ಗಿಂದ ಅವನಿಗೆ ಎಷ್ಟು ಜನ ಸುಳ್ಳು ಹೇಳಿದ್ದರೋ. ಗೇಟಿನ ಹತ್ತಿರ ಬರುವಾಗಲೇ ಒಬ್ಬನ ಬೆನ್ನಿಗೆ ಚೀಟಿ ಅಂಟಿಸಿದ್ದರು, ಇನ್ನೊಬ್ಬನಿಗೆ 'ಸೈಕಲ್ ಪಂಚರ್ ಆಗೇತಿ' ಅಂತ ಎರಡು ಸಲ ಕೆಳಗೆ ಇಳಿಸಿದ್ದರು. ಅವತ್ತು ಯಾರು ಏನು ಹೇಳಿದರೂ ನಂಬಬಾರದು ಅಂತ ಗಟ್ಟಿ ಮಾಡಿಕೊಂಡೇ ಬಂದಿದ್ದ. ನಾನು ಹೇಳಿದ ನಿಜವೂ ಆ ಸುಳ್ಳುಗಳ ಲೆಕ್ಕಕ್ಕೆ ಸೇರಿಹೋಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಹಾದೇವ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. ಹುಟ್ಟಿದ್ದು 1911ರಲ್ಲಿ. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆದರಲ್ಲ, ಆ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ ಇವರು. ಆಗ ಇನ್ನೂ ಹದಿನೆಂಟು ವರ್ಷ. ಆಮೇಲೆ ಊರಿಗೆ ಬಂದು ಖಾದಿ, ಆಶ್ರಮ, ಜೈಲು. 1942ರ ಚಳವಳಿಗೆ ಇಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ದುಡ್ಡನ್ನು ವಶ ಮಾಡಿಕೊಳ್ಳಲು ಹೋದಾಗ ಗುಂಡು ಬಿತ್ತು. ಮೂವತ್ತೆರಡನೇ ವರ್ಷ ತುಂಬಿರಲಿಲ್ಲ. ಹಾವೇರಿ ರೈಲ್ವೆ ಸ್ಟೇಷನ್ನಿಗೆ ಇರುವುದು ಅವರದೇ ಹೆಸರು. ನಮ್ಮ ಮಕ್ಕಳು ಆ ಫಲಕದ ಕೆಳಗೇ ನಿಂತು ಹುಬ್ಬಳ್ಳಿ ಗಾಡಿ ಹತ್ತುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಒಂದೇ ತಾರೀಖಿಗೆ ಹೀಗೆ ಒಂದಕ್ಕೊಂದು ಹೊಂದದ ದಿನಗಳು ಬಂದಾಗ ನೀವು ಏನು ಮಾಡುತ್ತೀರಿ? ಒಂದನ್ನು ಬಿಡಬೇಕಾ? ಎರಡನ್ನೂ ಬರೆಯಬೇಕಾ? ಶಾಲೆ, ಸಂಘ, ಆಸ್ಪತ್ರೆ, ಮನೆ, ಎಲ್ಲಿಯ ಅನುಭವ ಇದ್ದರೂ ಹೇಳಿ.

ಗದಗ ಪ್ರೆಸ್ · ಭಾನುವಾರ, ಬೆಳಿಗ್ಗೆ 8:25

ಟೀಚರ್, ನಿಮ್ಮ ಬೋರ್ಡ್ ಸಮಸ್ಯೆ ನಮ್ಮದೂ ಹೌದು. ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಸಹಕಾರಿ ಸೊಸೈಟಿಗಳಿಗೆ ಗೋಡೆ ಕ್ಯಾಲೆಂಡರ್ ಮಾಡಿಕೊಡುತ್ತೇವೆ. ದಸರೆ ಹೊತ್ತಿಗೆ ಪ್ರೂಫ್ ತಿದ್ದುವ ಕೆಲಸ ಶುರು.

ಕ್ಯಾಲೆಂಡರಿನ ಒಂದು ತಾರೀಖಿನ ಮನೆ ಎಷ್ಟು ಚಿಕ್ಕದು ಅಂತ ತಿದ್ದಲು ಕೂತವರಿಗೇ ಗೊತ್ತು. ನಡುವೆ ದೊಡ್ಡ ಅಂಕಿ. ಮೇಲೆ ತಿಥಿ, ನಕ್ಷತ್ರ. ಬದಿಗೆ ರಾಹುಕಾಲ. ಅಮಾವಾಸ್ಯೆ ಇದ್ದರೆ ಕಪ್ಪು ಚುಕ್ಕೆ, ಹುಣ್ಣಿಮೆಗೆ ಬಿಳಿ ಸುತ್ತು. ಜಾತ್ರೆ ಇದ್ದರೆ ಅದೊಂದು ಸಾಲು. ಇಷ್ಟಾದ ಮೇಲೆ ಕೆಳಗೆ ಉಳಿಯುವುದು ಎರಡು ಸಣ್ಣ ಸಾಲು. ಅದರಲ್ಲಿ ಯಾರನ್ನು ಕೂರಿಸುವುದು, ಯಾರನ್ನು ಎಬ್ಬಿಸುವುದು?

ಫೆಬ್ರವರಿ 4 ನೋಡಿ. ಭೀಮಸೇನ ಜೋಶಿಯವರು ನಮ್ಮ ಜಿಲ್ಲೆಯ ರೋಣದಲ್ಲಿ ಹುಟ್ಟಿದ ದಿನ, 1922. ಅದೇ ವಿಶ್ವ ಕ್ಯಾನ್ಸರ್ ದಿನ. 2000ನೇ ಇಸವಿಯಲ್ಲಿ ಪ್ಯಾರಿಸ್‌ನಲ್ಲಿ ಕ್ಯಾನ್ಸರ್ ಬಗ್ಗೆ ಒಂದು ದೊಡ್ಡ ಸಭೆ ಆಯಿತು, ಅಲ್ಲಿ ಆ ತಾರೀಖು ಗೊತ್ತಾಯಿತು. ಒಂದು ವರ್ಷ ನಾನು ಜೋಶಿಯವರ ಹೆಸರು ಹಾಕಿ ಕ್ಯಾನ್ಸರ್ ದಿನ ಬಿಟ್ಟೆ. ಮನೆಯ ಗೋಡೆ ಮೇಲೆ ಆ ಶಬ್ದ ಯಾಕೆ ಅನ್ನಿಸಿತ್ತು. ಕ್ಯಾಲೆಂಡರ್ ಮಾಡಿಸಿದ ಅಂಗಡಿಯವರೇ ಬಂದು, "ಅಣ್ಣಾರ, ಮುಂದಿನ ವರ್ಷ ಅದನ್ನ ಹಾಕ್ರಿ. ನಮ್ಮ ಮನಿಯಾಕಿ ಹೆಸರು ಹೇಳಾಕ ಹೆದರಿ ಒಂದು ವರ್ಷ ಗಂಟು ಮುಚ್ಚಿಟ್ಟುಕೊಂಡ್ಳು" ಅಂದರು. ಅವತ್ತಿನಿಂದ ಎರಡೂ ಹಾಕುತ್ತೇನೆ. ರಾಗಕ್ಕೂ ರೋಗಕ್ಕೂ ಜಾಗ ಇದೆ.

ಏಪ್ರಿಲ್ 1ಕ್ಕೆ ಮಾತ್ರ ನಮ್ಮ ಕ್ಯಾಲೆಂಡರಿನಲ್ಲಿ ಇಷ್ಟು ವರ್ಷ 'ಬ್ಯಾಂಕ್ ವಾರ್ಷಿಕ ಲೆಕ್ಕ' ಅಂತಷ್ಟೇ ಇತ್ತು. ನಿಮ್ಮ ಬರಹ ಓದಿ ಹಳೆಯ ಪ್ರತಿ ತೆಗೆದು ನೋಡಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದೂ ಅದೇ ದಿನ, 1907. ಅದೂ ಇರಲಿಲ್ಲ.

ಕೆಸಿಡಿ ಹುಡುಗ · ಭಾನುವಾರ, ಬೆಳಿಗ್ಗೆ 9:40

ಟೀಚರ್, ನನಗೆ ಅನ್ನಿಸೋದು ಬೇರೆ. ಈ ದಿನಗಳೇ ಜಾಸ್ತಿ ಆಗಿವೆ. ಶೌಚಾಲಯ ದಿನ, ಪುರುಷರ ದಿನ, ಗುಬ್ಬಚ್ಚಿ ದಿನ, ಸಂತೋಷದ ದಿನ. ಎಲ್ಲವೂ ಹೊರಗಿಂದ ಬಂದವು. ಬೆಳಗಾದರೆ ಮೊಬೈಲಿಗೆ ಒಂದು ಚಿತ್ರ ಬರುತ್ತದೆ, ರಾತ್ರಿಗೆ ಅಳಿಸುತ್ತೇವೆ. ಏಪ್ರಿಲ್ ಫೂಲ್ ಕೂಡ ಹಾಗೇ ಬಂದದ್ದು. ನಮ್ಮ ನೆಲದಲ್ಲಿ ರಕ್ತ ಬಿದ್ದ ದಿನಗಳನ್ನು ಮಾತ್ರ ಬರೆಯಿರಿ, ಉಳಿದದ್ದನ್ನು ಬಿಟ್ಟುಬಿಡಿ. ನವೆಂಬರ್ 19 ಇಂದಿರಾ ಗಾಂಧಿಯವರು ಹುಟ್ಟಿದ ದಿನ, ಝಾನ್ಸಿ ರಾಣಿಯ ಜಯಂತಿ. ಅಂಥ ದಿನವೇ 'ವಿಶ್ವ ಶೌಚಾಲಯ ದಿನ' ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ನಗದೆ ಇರುತ್ತಾರಾ?

ಕುಂದಗೋಳದ ಅಕ್ಕ · ಭಾನುವಾರ, ಬೆಳಿಗ್ಗೆ 11:15

ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಶೌಚಾಲಯ ದಿನದ ವಿಷಯಕ್ಕೆ ಮಾತ್ರ ನನ್ನದೂ ಸ್ವಲ್ಪ ಕೇಳು.

ನನಗೆ ಈಗ ಐವತ್ತೆರಡು. ಕುಂದಗೋಳ ತಾಲೂಕಿನ ಹಳ್ಳಿಯಲ್ಲಿ ಬೆಳೆದವಳು. ನಮ್ಮ ಓಣಿಯ ಯಾವ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೆಣ್ಣುಮಕ್ಕಳು ಬಯಲಕಡೆಗೆ ಹೋಗುತ್ತಿದ್ದದ್ದು ಕೋಳಿ ಕೂಗುವುದಕ್ಕೆ ಮುಂಚೆ, ಇಲ್ಲವೇ ಕತ್ತಲಾದ ಮೇಲೆ. ಕೈಯಲ್ಲಿ ತಂಬಿಗೆ. ಒಬ್ಬರೇ ಹೋಗುವ ಹಾಗಿಲ್ಲ, ಜೊತೆಗೆ ಯಾರಾದರೂ ಬೇಕು. ರಸ್ತೆ ಬದಿ ಕೂತಾಗ ಟ್ರ್ಯಾಕ್ಟರ್ ಲೈಟ್ ಬಿದ್ದರೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲಬೇಕು. ಲೈಟ್ ದಾಟುವ ತನಕ ಮುಖಕ್ಕೆ ಸೆರಗು. ಮತ್ತೆ ಕೂರಬೇಕು. ಒಂದೊಂದು ಸಲ ಮೂರು ಸಲ ನಾಲ್ಕು ಸಲ. ಹಗಲು ಹೋಗಬೇಕಾದೀತು ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದೆವು. ಕಬ್ಬಿಣದಂಥ ಬಿಸಿಲಲ್ಲಿ ಕಳೆ ತೆಗೆಯುವಾಗಲೂ ಎರಡು ಗುಟುಕು, ಅಷ್ಟೇ. ಉರಿಮೂತ್ರ ಆದರೆ ಯಾರಿಗೆ ಹೇಳುವುದು?

ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಬಡತನ ಅಂತ ಎಲ್ಲರೂ ತಿಳಿದರು. ಶಾಲೆಯಲ್ಲಿ ಹೋಗಲು ಜಾಗ ಇರಲಿಲ್ಲ ಅನ್ನುವುದನ್ನು ನಾನು ಅವ್ವನಿಗೂ ಹೇಳಲಿಲ್ಲ.

ಆ ದಿನ ಹೊರಗಿಂದ ಬಂತು ಅಂತೀಯಲ್ಲ. ಬಂದದ್ದು ಸಿಂಗಾಪುರದಿಂದ. ಜ್ಯಾಕ್ ಸಿಮ್ ಅನ್ನುವವರು 2001ರ ನವೆಂಬರ್ 19ಕ್ಕೆ ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ವಿಶ್ವಸಂಸ್ಥೆ ಒಪ್ಪಿದ್ದು 2013ರಲ್ಲಿ. ನಾಚಿಕೆಯಿಂದ ಯಾರೂ ಬಾಯಿ ಬಿಡದ ಮಾತನ್ನು ಯಾರಾದರೂ ಒಬ್ಬರು ಬೋರ್ಡ್ ಮೇಲೆ ಬರೆಯಲೇಬೇಕಿತ್ತು. ಮಕ್ಕಳು ನಕ್ಕರೆ ನಗಲಿ. ನಕ್ಕ ಮೇಲೆ ಕೇಳಿಸಿಕೊಳ್ಳುತ್ತಾರೆ.

ಅದೇ ದಿನ ಪುರುಷರ ದಿನ ಅಂತಲೂ ಬರೆದಿದ್ದೀಯ. ನಮ್ಮ ಮನೆಯಲ್ಲಿ ಮೊದಲು ಪಾಯಖಾನೆ ಕಟ್ಟಿಸಿದವನು ನನ್ನ ಅಣ್ಣ. ಹುಬ್ಬಳ್ಳಿಯಲ್ಲಿ ಹಮಾಲಿ ಮಾಡಿ ಕೂಡಿಟ್ಟ ದುಡ್ಡಿತ್ತು. ಬೈಕ್ ತಗೋಬೇಕು ಅಂತಿದ್ದ. "ತಂಗಿ ಬಾಣಂತನಕ್ಕ ಬರ್ತಾಳ, ಮೊದಲು ಇದಾಗಲಿ" ಅಂದ. ಗುಂಡಿಯನ್ನು ತಾನೇ ತೋಡಿದ. ಆ ಎರಡು ದಿನ ಒಂದೇ ತಾರೀಖಿಗೆ ಬಂದದ್ದು ನನಗಂತೂ ಸರಿಯಾಗಿಯೇ ಇದೆ.

ಕೆಸಿಡಿ ಹುಡುಗ · ಭಾನುವಾರ, ಮಧ್ಯಾಹ್ನ 12:05

ಅಕ್ಕಾ, ನಾನು ಹಾಗೆ ಬರೆಯಬಾರದಿತ್ತು. ನಮ್ಮ ಅಜ್ಜಿಗೆ ಫೋನ್ ಮಾಡಿ ಕೇಳಿದೆ. ನೀವು ಹೇಳಿದ ಟ್ರ್ಯಾಕ್ಟರ್ ಲೈಟಿನ ಮಾತನ್ನೇ ಅವರೂ ಹೇಳಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು ನನಗೆ ಗೊತ್ತಿರಲಿಲ್ಲ.

ಆಶಾ ಕಾರ್ಯಕರ್ತೆ, ರಾಣೆಬೆನ್ನೂರು ಕಡೆ · ಭಾನುವಾರ, ಮಧ್ಯಾಹ್ನ 2:30

ನನ್ನ ಅನುಭವ ಜನವರಿ 30ರದು. ಎಲ್ಲರಿಗೂ ಗೊತ್ತಿರುವಂತೆ ಅದು ಗಾಂಧೀಜಿಯವರು ತೀರಿಕೊಂಡ ದಿನ, ಹುತಾತ್ಮರ ದಿನ. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ಅದೇ ದಿನ ನಮ್ಮಲ್ಲಿ ಕುಷ್ಠರೋಗ ದಿನ. ಬೇರೆ ದೇಶಗಳಲ್ಲಿ ಇದನ್ನು ಜನವರಿಯ ಕೊನೆಯ ಭಾನುವಾರ ಮಾಡುತ್ತಾರೆ. ಫ್ರಾನ್ಸಿನ ರಾವುಲ್ ಫೋಲ್ರೋ ಶುರು ಮಾಡಿದ್ದು, 1954ರಲ್ಲಿ. ನಮ್ಮ ದೇಶದಲ್ಲಿ ಬೇಕಂತಲೇ 30ಕ್ಕೆ ಇಟ್ಟುಕೊಂಡರು.

ಯಾಕೆ ಅಂದರೆ, ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿ ಅಂತ ಒಬ್ಬ ಸಂಸ್ಕೃತ ಪಂಡಿತರಿದ್ದರು. ಅವರಿಗೆ ಕುಷ್ಠ ಬಂದಿತ್ತು. ಹತ್ತಿರ ಹೋಗಲು ಜನ ಹೆದರುವ ಕಾಲ. ಗಾಂಧೀಜಿ ಅವರನ್ನು ಆಶ್ರಮದಲ್ಲೇ ಇಟ್ಟುಕೊಂಡು ತಮ್ಮ ಕೈಯಿಂದಲೇ ಗಾಯ ತೊಳೆಯುತ್ತಿದ್ದರು, ಮೈ ತಿಕ್ಕುತ್ತಿದ್ದರು. ಈ ಕಥೆ ಹೇಳಿಯೇ ನಾನು ಮನೆಗಳಿಗೆ ಹೋಗುವುದು. ಬರೀ 'ಕುಷ್ಠ ತಪಾಸಣೆಗೆ ಬಂದೆ' ಅಂದರೆ ಬಾಗಿಲು ಹಾಕುತ್ತಾರೆ.

ಒಂದು ಮನೆಯಲ್ಲಿ ಸೊಸೆಯ ಮೊಣಕೈ ಮೇಲೆ ಐದು ರೂಪಾಯಿ ನಾಣ್ಯದಷ್ಟು ಮಾಸಲು ಮಚ್ಚೆ ಇತ್ತು. ತುರಿಕೆ ಇಲ್ಲ, ನೋವಿಲ್ಲ. ಕಣ್ಣು ಮುಚ್ಚಲು ಹೇಳಿ, ನಾನು ಪೆನ್ನಿನ ತುದಿ ಮುಟ್ಟಿಸಿದ ಕಡೆಯೆಲ್ಲ ಬೆರಳಿಡು ಅಂದೆ. ಮಚ್ಚೆಯ ಸುತ್ತ ಎಲ್ಲ ಕಡೆ ಸರಿಯಾಗಿ ಬೆರಳಿಟ್ಟಳು. ಮಚ್ಚೆಯ ನಡುವೆ ಮುಟ್ಟಿಸಿದಾಗ ಸುಮ್ನೆ ಕೂತಿದ್ದಳು, "ಮುಟ್ರೀ ಅಕ್ಕಾರ" ಅಂತ ನನಗೇ ಹೇಳಿದಳು. ಆರು ತಿಂಗಳ ಗುಳಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಈಗ ಪೂರ್ತಿ ಗುಣವಾಗಿದ್ದಾಳೆ. ಮಚ್ಚೆ ಜಾಸ್ತಿ ಇದ್ದರೆ ಒಂದು ವರ್ಷದ ಔಷಧ. ಬೇಗ ತೋರಿಸಿದರೆ ಕೈಕಾಲು ಊನ ಆಗುವುದಿಲ್ಲ.

ಟೀಚರ್, ಕೆಲವು ತಾರೀಖುಗಳು ಹೀಗೆ ಯಾರೋ ಯೋಚಿಸಿ ಜೋಡಿಸಿದವು. ಅಲ್ಲಿ ಒಂದರ ಕೈ ಹಿಡಿದು ಇನ್ನೊಂದು ಮನೆಯೊಳಗೆ ಹೋಗುತ್ತದೆ.

ಧಾರವಾಡ ಮಾಳಮಡ್ಡಿ · ಭಾನುವಾರ, ಮಧ್ಯಾಹ್ನ 3:10

ಜೋಡಿಸಿದ ದಿನಕ್ಕೆ ಇನ್ನೊಂದು ಉದಾಹರಣೆ. ಮಾರ್ಚ್ 21 ಡೌನ್ ಸಿಂಡ್ರೋಮ್ ದಿನ. ನಮ್ಮ ಜೀವಕೋಶದೊಳಗೆ ವಂಶದ ಗುಣ ಹೊತ್ತ ಎಳೆಗಳಿರುತ್ತವೆ, ಅವೇ ಕ್ರೋಮೋಸೋಮ್. ಈ ಸ್ಥಿತಿಯೊಂದಿಗೆ ಹುಟ್ಟಿದವರಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ, ಅದಕ್ಕೇ ಮೂರನೇ ತಿಂಗಳ 21. ನನ್ನ ತಮ್ಮನಿಗೆ ಇದೆ. ಅವತ್ತು ನಮ್ಮ ಮನೆಯವರೆಲ್ಲ ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕುತ್ತೇವೆ. ಕ್ರೋಮೋಸೋಮ್ ನೋಡಲು ಸಾಕ್ಸ್ ಜೋಡಿಯ ಹಾಗೇ ಇರುತ್ತದೆ, ಅದಕ್ಕೆ. ಅಪ್ಪ ಬ್ಯಾಂಕಿಗೂ ಹಾಗೇ ಹೋಗುತ್ತಾರೆ. ಯಾರಾದರೂ 'ಸರ್, ಸಾಕ್ಸ್ ಅದಲುಬದಲು ಆಗಿದೆ' ಅಂದರೆ ಅಪ್ಪ ಕೂತು ತಮ್ಮನ ಬಗ್ಗೆ ಹೇಳುತ್ತಾರೆ. ವಿಶ್ವ ಕಾವ್ಯ ದಿನವೂ ಮಾರ್ಚ್ 21ಕ್ಕೇ. ಬೇಂದ್ರೆಯವರ ಊರಿನಲ್ಲಿ ಅವತ್ತು ಕವಿತೆ ಓದದೆ ಇರಲು ಆಗುತ್ತದೆಯೇ? ತಮ್ಮನಿಗೆ ಪದಗಳು ಪೂರ್ತಿ ಬರುವುದಿಲ್ಲ, ಲಯ ಬರುತ್ತದೆ. ಟೇಬಲ್ ತಟ್ಟುತ್ತಾನೆ.

ಹಳೇ ಹುಬ್ಬಳ್ಳಿ ಅಮ್ಮ · ಭಾನುವಾರ, ಸಂಜೆ 5:45

ನನ್ನದು ನವೆಂಬರ್ 14.

ಮಗನಿಗೆ ಈಗ ಹತ್ತು ವರ್ಷ. ಟೈಪ್ 1 ಡಯಾಬಿಟೀಸ್ ಗೊತ್ತಾದಾಗ ಆರು. ಸಿಹಿ ತಿಂದು ಬಂದದ್ದಲ್ಲ ಇದು. ಮೈಯೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿರುತ್ತದೆ. ದಿನಕ್ಕೆ ನಾಲ್ಕು ಸಲ ಸೂಜಿ. ಇದನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 'ಚಾಕೊಲೇಟ್ ಜಾಸ್ತಿ ಕೊಟ್ಟಿರಿ ಅಂತ ಕಾಣುತ್ತೆ' ಅನ್ನುವವರು ಇನ್ನೂ ಇದ್ದಾರೆ.

ಅವನು ಎರಡನೇ ತರಗತಿಯಲ್ಲಿದ್ದಾಗ ಮಕ್ಕಳ ದಿನಕ್ಕೆ ಶಾಲೆಯಲ್ಲಿ ಎಲ್ಲರಿಗೂ ಪೇಡೆ ಹಂಚಿದರು. ಮಗ ಸಂಜೆ ಮನೆಗೆ ಬಂದ. ಚಪ್ಪಲಿ ಬಿಡುವುದಕ್ಕೆ ಮುಂಚೆ ಚಡ್ಡಿ ಜೇಬಿನಿಂದ ಕರವಸ್ತ್ರ ತೆಗೆದ. ಅದರೊಳಗೆ ಆ ಪೇಡೆ. ಮೇಲಿನ ಸಕ್ಕರೆ ಕರಗಿ ಬಟ್ಟೆಗೆ ಅಂಟಿತ್ತು, ಒತ್ತಿ ಚಪ್ಪಟೆ ಆಗಿತ್ತು. ಒಂದು ಚೂರೂ ಕಚ್ಚಿರಲಿಲ್ಲ. "ಅಮ್ಮಾ, ಇದಕ್ಕ ಎಷ್ಟು ಯೂನಿಟ್ ಆಗ್ತದ?" ಅಂತ ಕೇಳಿದ. ಎಲ್ಲ ಮಕ್ಕಳೂ ಎದುರಿಗೇ ತಿಂದಿದ್ದರು. ಇವನು ಅದಕ್ಕೆ ಎಷ್ಟು ಯೂನಿಟ್ ಇನ್ಸುಲಿನ್ ತಗೋಬೇಕು ಅನ್ನುವ ಲೆಕ್ಕ ಗೊತ್ತಿಲ್ಲ ಅಂತ ಐದು ತಾಸು ಜೇಬಿನಲ್ಲಿ ಇಟ್ಟುಕೊಂಡಿದ್ದ.

ಅವತ್ತು ರಾತ್ರಿ ನಾನು ಓದುತ್ತಾ ಕೂತೆ. ನವೆಂಬರ್ 14 ವಿಶ್ವ ಮಧುಮೇಹ ದಿನವೂ ಹೌದು ಅಂತ ಆಗಲೇ ಗೊತ್ತಾಗಿದ್ದು. ನೆಹರೂ ಹುಟ್ಟಿದ್ದು 1889ರ ನವೆಂಬರ್ 14. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ಅದೇ ತಾರೀಖು. ಇದು ಯಾರೂ ಜೋಡಿಸಿದ್ದಲ್ಲ, ತಾನಾಗಿ ಕೂಡಿಬಂದದ್ದು. ಆದರೆ ಒಂದು ಸಂಗತಿ ಓದಿ ನಾನು ಎದ್ದು ಕೂತೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ರೋಗಿ ಹದಿನಾಲ್ಕು ವರ್ಷದ ಹುಡುಗ. ಲಿಯೊನಾರ್ಡ್ ಥಾಂಪ್ಸನ್. ಮೊದಲ ಸೂಜಿ ಅಷ್ಟಾಗಿ ಕೆಲಸ ಮಾಡಲಿಲ್ಲ. ಔಷಧವನ್ನು ಇನ್ನಷ್ಟು ಶುದ್ಧ ಮಾಡಿ ಸುಮಾರು ಎರಡು ವಾರದ ಮೇಲೆ ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಉಪವಾಸ ಹಾಕುವುದೊಂದೇ ಉಪಾಯ ಇತ್ತು, ಅದೂ ಕೆಲವು ತಿಂಗಳು ತಳ್ಳುವುದಕ್ಕೆ.

ಇದು ಮಕ್ಕಳ ದಿನದ ಕಥೆ ಅಲ್ವಾ?

ಮುಂದಿನ ವರ್ಷ ಕ್ಲಾಸ್ ಟೀಚರ್ ಹತ್ತಿರ ಹೋಗಿ ಹತ್ತು ನಿಮಿಷ ಕೇಳಿದೆ. ಅವರು ಅರ್ಧ ಗಂಟೆ ಕೊಟ್ಟರು. ಮಗ ತನ್ನ ಗ್ಲುಕೋಮೀಟರ್ ತಗೊಂಡು ಬೆಂಚಿನ ಮುಂದೆ ನಿಂತ. ಬೆರಳು ಚುಚ್ಚಿ ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿ, ಮೀಟರ್ ಐದರಿಂದ ಒಂದಕ್ಕೆ ಎಣಿಸುವುದನ್ನು ಎಲ್ಲರಿಗೂ ತೋರಿಸಿದ. ಹುಡುಗರೆಲ್ಲ ಗಟ್ಟಿಯಾಗಿ ಎಣಿಸಿದರು. ಆ ವರ್ಷ ಪೇಡೆ ಹಂಚುವ ಮುಂಚೆ ಒಬ್ಬ ಹುಡುಗಿ ಎದ್ದು, "ಮೊದಲು ಅವನಿಗೆ ಯೂನಿಟ್ ಹೇಳ್ರಿ" ಅಂದಳಂತೆ. ಈಗ ಅವನೂ ಎಲ್ಲರ ಜೊತೆ ತಿನ್ನುತ್ತಾನೆ. ಲೆಕ್ಕ ಹಾಕಿ, ಸೂಜಿ ತಗೊಂಡು, ಒಂದು ಪೇಡೆ.

ನರಗುಂದ ಕಾಲುವೆ ದಂಡೆ · ಭಾನುವಾರ, ರಾತ್ರಿ 8:20

ಅಮ್ಮನ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಈಗ ನನ್ನದು.

ನಮ್ಮಲ್ಲಿ ಜುಲೈ 21 ಅಂದರೆ ರೈತ ಹುತಾತ್ಮ ದಿನ. 1980. ಮಲಪ್ರಭಾ ನೀರು ಬರುತ್ತದೆ ಅಂತ ಕಾಲುವೆ ತೋಡಿದರು. ಎಷ್ಟೋ ಹೊಲಕ್ಕೆ ನೀರು ಮುಟ್ಟಲಿಲ್ಲ, ಆದರೆ ಬೆಟರ್‌ಮೆಂಟ್ ಲೆವಿ ಅಂತ ಕರದ ನೋಟಿಸ್ ಮಾತ್ರ ಎಲ್ಲರ ಮನೆಗೆ ಮುಟ್ಟಿತು. ಹತ್ತಿ ದರವೂ ಬಿದ್ದಿತ್ತು. ರೈತರು ತಹಸೀಲ್ದಾರ್ ಕಚೇರಿ ಮುಂದೆ ಕೂತರು. ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ಇಬ್ಬರೂ ಅವತ್ತೇ ಹೋದರು. ರಾಜ್ಯದ ರೈತ ಚಳವಳಿ ಎದ್ದದ್ದು ಅಲ್ಲಿಂದ. ನಮ್ಮಪ್ಪ ಆ ಜನರ ನಡುವೆ ಇದ್ದರು. ಪ್ರತಿ ವರ್ಷ ಜುಲೈ 21ಕ್ಕೆ ಬಿಳಿ ಅಂಗಿ, ಹಸಿರು ಟವೆಲ್ ಹಾಕಿಕೊಂಡು ವೀರಗಲ್ಲಿಗೆ ಹೋಗಿ ಕೈಮುಗಿದು ಬರುತ್ತಿದ್ದರು.

2009ರ ಜುಲೈ 21ಕ್ಕೂ ಹಾಗೇ ಹೋಗಿ ಬಂದರು. ಮನೆಯಲ್ಲಿ ರೇಡಿಯೋ ಹಚ್ಚಿತ್ತು. ಅವತ್ತೇ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ತೀರಿಕೊಂಡಿದ್ದರು. ತೊಂಬತ್ತಾರು ವರ್ಷ. ಅವರದೇ ಹಾಡು ಬರುತ್ತಿತ್ತು. ನಮ್ಮಪ್ಪನಿಗೆ ರಾಗ ತಾಳ ಏನೂ ತಿಳಿಯುತ್ತಿರಲಿಲ್ಲ. ಆದರೂ ಹೆಗಲ ಮೇಲಿನ ಟವೆಲ್ ತೆಗೆಯದೆ ಹೊಸ್ತಿಲಲ್ಲೇ ಕೂತರು. ಅವರ ಧ್ವನಿ ಗೊತ್ತಲ್ಲ, ಗಂಡಸಿನ ಹಾಗೆ ತುಂಬಿದ ಗಟ್ಟಿ ಧ್ವನಿ. ಹಾಡು ಮುಗಿಯುವ ತನಕ ಅಪ್ಪ ಏಳಲಿಲ್ಲ. ಮುಗಿದ ಮೇಲೆ, "ಈಕಿನೂ ಬಾಳ ಕಷ್ಟಪಟ್ಟಾಕಿ" ಅಂದರು, ಅಷ್ಟೇ. ಗಂಗೂಬಾಯಿಯವರು ಕಣ್ಣು ದಾನ ಮಾಡಿದ್ದರು ಅಂತ ಮರುದಿನ ಓದಿ ಹೇಳಿದಾಗ ಅಪ್ಪ ತಾವೂ ಮಾಡುವುದಾಗಿ ಹೇಳಿದರು. ನಾಲ್ಕು ವರ್ಷದ ಮೇಲೆ ಅಪ್ಪ ಹೋದಾಗ ಹಾಗೇ ಮಾಡಿಸಿದೆವು.

ಈಗ ಜುಲೈ 21ಕ್ಕೆ ನಾನು ಬೆಳಿಗ್ಗೆ ವೀರಗಲ್ಲಿಗೆ ಹೋಗುತ್ತೇನೆ, ಸಂಜೆ ಗಂಗೂಬಾಯಿಯವರ ಹಾಡು ಹಚ್ಚುತ್ತೇನೆ. ಒಂದರಿಂದ ಇನ್ನೊಂದಕ್ಕೆ ಏನೂ ಕಡಿಮೆ ಆಗಿಲ್ಲ.

ಟೀಚರ್, ಒಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ. ನಿಮ್ಮ ಬೋರ್ಡ್ ಮೇಲೆ 'ಮೈಲಾರ ಮಹಾದೇವ ಮತ್ತು ಸಂಗಡಿಗರು' ಅಂತ ಇತ್ತು ಅಂದಿರಿ. ನಮ್ಮಲ್ಲೂ ಭಾಷಣ ಮಾಡುವವರು 'ಇಬ್ಬರು ರೈತರು' ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ನಮ್ಮಪ್ಪನಿಗೆ ಅದು ಬಹಳ ನೋವಿನ ವಿಷಯ ಆಗಿತ್ತು. 'ಹೆಸರು ಹೇಳಾಕ ಎಷ್ಟು ಹೊತ್ತು ಬೇಕು' ಅನ್ನುತ್ತಿದ್ದರು. ಸಂಗಡಿಗರು ಅಂದರೆ ಮಕ್ಕಳ ಕಣ್ಣಿಗೆ ಯಾರೂ ಕಾಣುವುದಿಲ್ಲ. ಆ ಇಬ್ಬರ ಹೆಸರನ್ನೂ ಬರೆಯಿರಿ.

ರಾಯಣ್ಣನ ಅಭಿಮಾನಿ, ಧಾರವಾಡ · ಭಾನುವಾರ, ರಾತ್ರಿ 9:00

ಜನವರಿ 26ಕ್ಕೆ ನಮ್ಮ ಓಣಿಯಲ್ಲಿ ಧ್ವಜಾರೋಹಣ ಆದ ಕೂಡಲೇ ಅದೇ ಕಟ್ಟೆಯಲ್ಲಿ ಸಂಗೊಳ್ಳಿ ರಾಯಣ್ಣನ ಫೋಟೋಗೆ ಹಾರ ಹಾಕುತ್ತೇವೆ. 1831ರ ಜನವರಿ 26ಕ್ಕೇ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು. ಹುಟ್ಟಿದ್ದು ಆಗಸ್ಟ್ 15 ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಎರಡಕ್ಕೂ ಒಂದೇ ತೆಂಗಿನಕಾಯಿ. ಮಕ್ಕಳಿಗೆ ಗೊಂದಲ ಆಗಿದ್ದನ್ನು ನಾನು ನೋಡಿಲ್ಲ.

ಕುಂದಗೋಳದ ಅಕ್ಕ · ಭಾನುವಾರ, ರಾತ್ರಿ 9:35

ಟೀಚರಮ್ಮಾ, ಇನ್ನೊಂದು ಸಣ್ಣ ಉಪಾಯ. ಮಕ್ಕಳಿಗೆ ಹಿಂದಿನ ದಿನವೇ ಹೇಳಿಬಿಡಿ. ಮಾರ್ಚ್ 31ಕ್ಕೆ ಕಥೆ ಪೂರ್ತಿ ಹೇಳಿ, 'ನಾಳೆ ಆ ದಿನ' ಅನ್ನಿ. ಅವತ್ತು ಯಾರೂ ಸುಳ್ಳು ಅಂದುಕೊಳ್ಳುವುದಿಲ್ಲ. ನಾಳೆ ಅವರು ಏಪ್ರಿಲ್ ಫೂಲ್ ಆಡುತ್ತಾರೆ, ಆಡಲಿ. ಮಕ್ಕಳಲ್ವಾ. ಪ್ರಾರ್ಥನೆಯಲ್ಲಿ ಮಾತ್ರ ಸುಮ್ಮನೆ ನಿಲ್ಲುತ್ತಾರೆ.

ಹಾವೇರಿ ಟೀಚರ್ · ಸೋಮವಾರ, ರಾತ್ರಿ 8:50

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ನರಗುಂದದ ಅಣ್ಣಾರ, ನಿಮ್ಮ ಮಾತು ಸರಿಯಾಗಿ ನಾಟಿತು. ಬೋರ್ಡಿನಲ್ಲಿ ಜಾಗ ಇರಲಿಲ್ಲ ಅಂತ 'ಸಂಗಡಿಗರು' ಬರೆದಿದ್ದೆ. ಪಾಠದಲ್ಲೂ ಎಷ್ಟೋ ವರ್ಷ ಹಾಗೇ ಹೇಳಿಕೊಂಡು ಬಂದಿದ್ದೇನೆ. ಒಬ್ಬರು ತಿರಕಪ್ಪ ಮಡಿವಾಳರ. ಇನ್ನೊಬ್ಬರು ವೀರಯ್ಯ ಹಿರೇಮಠ.

ಇವತ್ತು ಪರೀಕ್ಷೆ ಮುಗಿದ ಮೇಲೆ ಒಂಬತ್ತನೇ ತರಗತಿಯವರನ್ನು ಹತ್ತು ನಿಮಿಷ ಕೂರಿಸಿಕೊಂಡೆ. ಅವತ್ತಿನ ನಗುವಿನ ಮಾತೇ ಎತ್ತಲಿಲ್ಲ. ಬೋರ್ಡ್ ಮೇಲೆ ಮೂರು ಹೆಸರು ಬರೆದೆ, ಒಂದರ ಕೆಳಗೆ ಒಂದು. ಮೂವರೂ ಬೇರೆ ಬೇರೆ ಮನೆತನದವರು, ಒಂದೇ ದಿನ ಒಂದೇ ಜಾಗದಲ್ಲಿ ಬಿದ್ದರು ಅಂತ ಹೇಳಿದೆ. ತರಗತಿಯಲ್ಲಿ ಮಡಿವಾಳರ ಅನ್ನುವ ಅಡ್ಡಹೆಸರಿನ ಹುಡುಗಿ ಇದ್ದಾಳೆ. ಅವಳು ಕತ್ತೆತ್ತಿ ಬೋರ್ಡ್ ನೋಡಿದಳು, ಆಮೇಲೆ ತನ್ನ ನೋಟ್‌ಬುಕ್ಕಿನ ಹೊದಿಕೆ ಮೇಲಿದ್ದ ಹೆಸರನ್ನು ನೋಡಿಕೊಂಡಳು.

ಏಪ್ರಿಲ್ ಫೂಲ್ ಅಂದ ಹುಡುಗ ಹೊರಗೆ ಬಂದು ನನ್ನ ಹತ್ತಿರ ನಿಂತ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು, "ಟೀಚರ್, ಹೊಸರಿತ್ತಿಗೆ ಸೈಕಲ್ ಮ್ಯಾಲೆ ಹೋದ್ರ ಎಷ್ಟು ಹೊತ್ತಾಗ್ತದ್ರಿ?" ಪರೀಕ್ಷೆ ಮುಗಿದ ಮೊದಲ ಭಾನುವಾರ ಹನ್ನೆರಡು ಮಕ್ಕಳು, ಇಬ್ಬರು ಟೀಚರ್ ಹೋಗುವುದು ಅಂತ ಆಗಿದೆ. ಮನೆಯವರ ಒಪ್ಪಿಗೆ ಚೀಟಿ ತರಲು ಹೇಳಿದ್ದೇನೆ. ಬಿಸಿಲು ಏರುವುದರೊಳಗೆ ವಾಪಸ್ ಬರಬೇಕು.

ಹಳೇ ಹುಬ್ಬಳ್ಳಿ ಅಮ್ಮಾ, ನವೆಂಬರ್ 14ಕ್ಕೆ ನಿಮಗೆ ಫೋನ್ ಮಾಡಬಹುದಾ? ನಮ್ಮ ಶಾಲೆಯಲ್ಲೂ ಒಬ್ಬ ಹುಡುಗ ಊಟದ ಹೊತ್ತಿಗೆ ಬಾಗಿಲ ಹಿಂದೆ ನಿಂತು ಸೂಜಿ ತಗೊಳ್ಳುತ್ತಾನೆ.

ಹಳೇ ಹುಬ್ಬಳ್ಳಿ ಅಮ್ಮ · ಸೋಮವಾರ, ರಾತ್ರಿ 9:05

ಫೋನ್ ಯಾಕೆ, ನಾನೇ ಬರುತ್ತೇನೆ. ಮಗನನ್ನೂ ಕರೆತರುತ್ತೇನೆ. ಅಲ್ಲಿಯ ತನಕ ಕಾಯುವುದು ಬೇಡ, ಶಾಲೆ ಶುರುವಾದ ಮೊದಲ ವಾರವೇ ಬರುತ್ತೇನೆ.

ಗದಗ ಪ್ರೆಸ್ · ಸೋಮವಾರ, ರಾತ್ರಿ 10:40

ಟೀಚರ್, ಮುಂದಿನ ವರ್ಷದ ಏಪ್ರಿಲ್ ಪುಟವನ್ನು ಈಗಲೇ ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ರಾಹುಕಾಲವನ್ನು ತಾರೀಖಿನ ಅಂಕಿಯ ಬಲಕ್ಕೆ ಸರಿಸಿದರೆ ಕೆಳಗೆ ಮೂರು ಸಾಲು ಸಿಗುತ್ತದೆ. 'ಬ್ಯಾಂಕ್ ವಾರ್ಷಿಕ ಲೆಕ್ಕ' ಮೇಲೆ ಹೋಗುತ್ತದೆ. ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಅಕ್ಷರ ಸಣ್ಣ ಮಾಡದೆಯೇ ಮೂರೂ ಕೂತವು. ಜುಲೈ ಪುಟವನ್ನು ನಾಳೆ ತೆಗೆಯುತ್ತೇನೆ.